ಮನ್ರೋ ಮನೆ: ಒಪ್ಪಿಕೊಂಡ ತಪ್ಪು

ಅಮೆರಿಕದ ಐದನೇ ಅಧ್ಯಕ್ಷ ಜೇಮ್ಸ್ ಮನ್ರೋ ಬಾಳಿದ ಮನೆಯೆಂದು ವರ್ಜೀನಿಯಾ ರಾಜ್ಯದ ‘ಹೈಲ್ಯಾಂಡ್’ ತೋಟದಲ್ಲಿರುವ ಪುಟ್ಟ ಕಟ್ಟಡವೊಂದನ್ನು ದಶಕಗಳ ಕಾಲ ಪ್ರವಾಸಿಗರಿಗೆ ತೋರಿಸಲಾಗುತ್ತಿತ್ತು. ಅದು ಅವರ ಮನೆಯಲ್ಲ, ಅತಿಥಿಗಳಿಗೆಂದು ಕಟ್ಟಿಸಿದ ಬಿಡಾರ ಎಂಬ ಸಂಗತಿಯನ್ನು 2016ರಲ್ಲಿ ಬಹಿರಂಗಪಡಿಸಿದ್ದು ಆ ತೋಟದ ಒಡೆತನ ಹೊಂದಿರುವ ವಿಲಿಯಂ ಅಂಡ್ ಮೇರಿ ಶಿಕ್ಷಣ ಸಂಸ್ಥೆಯೇ. ತಾನು ಹೇಳುತ್ತ ಬಂದ ಕಥೆ ಸುಳ್ಳೆಂದು ತಾನೇ ಸಾರುವುದು ಯಾವ ಸ್ಮಾರಕದ ಆಡಳಿತಕ್ಕೂ ಸುಲಭವಲ್ಲ. ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಮನ್ರೋ ಕುಟುಂಬ ಹೈಲ್ಯಾಂಡ್‌ನಲ್ಲಿ ನೆಲೆಸಿದ್ದು 1799ರಲ್ಲಿ. ಆದರೆ ಈ ಕಟ್ಟಡದ ಮರಮುಟ್ಟಿನ ವಾರ್ಷಿಕ ಬಳೆಗಳನ್ನು ಪರೀಕ್ಷಿಸಿದಾಗ, ಆ ಮರಗಳನ್ನು ಕಡಿದದ್ದು 1815ರ ನಂತರ ಎಂಬುದು ತಿಳಿಯಿತು. ಅಂಗಳವನ್ನು ಅಗೆದಾಗ ಇನ್ನೂ ದೊಡ್ಡದಾದ ಮನೆಯೊಂದರ ತಳಪಾಯ ಸಿಕ್ಕಿತು. ಜೊತೆಗೆ ಸುಟ್ಟು ಕರಕಲಾದ ಮರದ ಚೂರುಗಳು. ನೆರೆಯ ಮಾಂಟಿಚೆಲ್ಲೊದಲ್ಲಿದ್ದ ಥಾಮಸ್ ಜೆಫರ್ಸನ್‌ರ ಭವ್ಯ ಸೌಧದ ಜೊತೆ ಹೋಲಿಸಿ, ಮನ್ರೋ ಎಷ್ಟು ಸರಳಜೀವಿ ಎಂದು ಬಣ್ಣಿಸುತ್ತಿದ್ದವರ ವಾದಕ್ಕೆ ಅಲ್ಲಿಗೆ ಆಧಾರವೇ ಇಲ್ಲದಂತಾಯಿತು. ಅತಿಥಿಗಳ ಬಿಡಾರ ಚಿಕ್ಕದಾಗಿದ್ದುದರಲ್ಲಿ ಆಶ್ಚರ್ಯವೇನಿದೆ?

ಮನೆಯ ಗಾತ್ರವಷ್ಟೇ ಇಲ್ಲಿನ ಪ್ರಶ್ನೆಯಾಗಿದ್ದರೆ ಅದನ್ನು ಪುರಾತತ್ವಜ್ಞರಿಗೆ ಬಿಟ್ಟುಬಿಡಬಹುದಿತ್ತು. ಆದರೆ ಆ ತೋಟ ನಡೆದದ್ದು ಗುಲಾಮರ ದುಡಿಮೆಯಿಂದ. ಮನ್ರೋ ತಮ್ಮ ಜೀವಿತಾವಧಿಯಲ್ಲಿ ಸುಮಾರು 250 ಗುಲಾಮರ ಒಡೆಯರಾಗಿದ್ದರು. ಗುಲಾಮಗಿರಿ ಅನಿಷ್ಟವೆಂದು ಒಪ್ಪುತ್ತಿದ್ದ ಅವರು, ವರ್ಜೀನಿಯಾದ ಗವರ್ನರ್ ಆಗಿದ್ದಾಗ 1800ರಲ್ಲಿ ಗೇಬ್ರಿಯಲ್ ಎಂಬ ಗುಲಾಮ ಕಮ್ಮಾರ ರೂಪಿಸಿದ ದಂಗೆಯನ್ನು ಹತ್ತಿಕ್ಕಿದರು. ಇಪ್ಪತ್ತಕ್ಕೂ ಹೆಚ್ಚು ಜನ ಗಲ್ಲಿಗೇರಿದರು. ನಮ್ಮಲ್ಲಿ ಬಹುತೇಕರಿಗೆ ಅವರು ಶಾಲಾ ಪಠ್ಯದ 1823ರ ‘ಮನ್ರೋ ಸಿದ್ಧಾಂತ’ದ ಮೂಲಕವಷ್ಟೇ ಪರಿಚಿತರು. ಪಠ್ಯಗಳಲ್ಲಿ ಈ ದಂಗೆಗೆ ಜಾಗವಿಲ್ಲ.

1825ರಲ್ಲಿ ಅಧಿಕಾರದಿಂದ ಇಳಿದಾಗ ಮನ್ರೋ ಸಾಲದಲ್ಲಿ ಮುಳುಗಿದ್ದರು. ಹೈಲ್ಯಾಂಡ್‌ನ ಮನೆಯನ್ನು 1826ರಲ್ಲಿ ಮಾರಿದರು. 1828ರಲ್ಲಿ ಅಲ್ಲಿನ ಗುಲಾಮ ಕುಟುಂಬಗಳನ್ನು ದೂರದ ಫ್ಲಾರಿಡಾದ ತೋಟದ ಮಾಲೀಕನಿಗೆ ಮಾರಿದರು. ಪತ್ನಿಯ ಮರಣಾನಂತರ ಓಕ್ ಹಿಲ್‌ನ ತಮ್ಮ ಇನ್ನೊಂದು ಮನೆಯನ್ನೂ ತೊರೆದು, ನ್ಯೂಯಾರ್ಕಿನಲ್ಲಿ ಮಗಳ ಆಶ್ರಯ ಪಡೆದು, 1831ರ ಜುಲೈ 4ರಂದು ಅಲ್ಲಿಯೇ ಕೊನೆಯುಸಿರೆಳೆದರು. ಮಾಜಿ ಅಧ್ಯಕ್ಷರೊಬ್ಬರ ಈ ದುರವಸ್ಥೆ ಮನ ಕಲಕುವಂಥದ್ದೇ. ಆದರೆ ಅವರ ಸಾಲದ ಬಹುದೊಡ್ಡ ಬೆಲೆಯನ್ನು ತೆತ್ತವರು, ಹುಟ್ಟಿ ಬೆಳೆದ ನೆಲದಿಂದ ಮಾರಾಟವಾಗಿ ಹೋದ ಆ ಕುಟುಂಬಗಳು ಎಂಬುದನ್ನು ಮರೆಯುವಂತಿಲ್ಲ.

2016ರ ಪ್ರಕಟಣೆಯ ನಂತರ ಹೈಲ್ಯಾಂಡ್‌ನ ಆಡಳಿತ, ಆ ಗುಲಾಮರ ವಂಶಸ್ಥರ ಸಲಹಾ ಮಂಡಳಿಯೊಂದನ್ನು ರಚಿಸಿಕೊಂಡಿದೆ. ಅವರಲ್ಲಿ ಕೆಲವರು ತೋಟದಿಂದ ಕೆಲವೇ ಮೈಲಿಗಳ ದೂರದಲ್ಲಿ ತಲೆಮಾರುಗಳಿಂದ ಬದುಕುತ್ತಿರುವವರು. ಮನೆಯ ತಳಪಾಯವನ್ನು ನೆಲದಡಿ ಹುಡುಕಬೇಕಾಯಿತು, ನಿಜ. ಈ ಜನರನ್ನು ಹುಡುಕಲು ಯಾವ ಉತ್ಖನನವೂ ಬೇಕಿರಲಿಲ್ಲ. ಅವರನ್ನು ಮಾತನಾಡಿಸಲು ಇಷ್ಟು ಕಾಲ ಏಕೆ ಬೇಕಾಯಿತು ಎಂಬುದಕ್ಕೂ ಆಡಳಿತ ಅಷ್ಟೇ ಪ್ರಾಮಾಣಿಕವಾಗಿ ಉತ್ತರಿಸಬೇಕು. ಸಂದರ್ಶಕರಿಗೆ ಹೇಳುವ ಕಥೆಯನ್ನು ತಿದ್ದುವಾಗ ಅವರ ಮಾತೇ ನಿರ್ಣಾಯಕವಾಗಲಿ.