ಎತ್ತಿಲ್ಲದ ಯುದ್ಧ

ಮೇಜಿನ ಮೇಲೆ ಹಸಿರು ಬಟ್ಟೆಯನ್ನು ಹಾಸಿ, ಗುಡ್ಡ ಹೊಳೆ ಹಳ್ಳಿಗಳನ್ನು ಕಲ್ಪಿಸಿ, ಅಂಗುಲ ಮಾತ್ರದ ಬಣ್ಣದ ಸೈನಿಕಬೊಂಬೆಗಳನ್ನು ಸಾಲುಗಟ್ಟಿ ನಿಲ್ಲಿಸಿ, ಹಿಂದೆ ನಡೆದ ಕಾಳಗಗಳನ್ನು ಮತ್ತೆ ಆಡುವ ವಿನೋದವು ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು. ದಳಗಳ ನಡಿಗೆಯನ್ನು ಅಳತೆಪಟ್ಟಿಯಿಂದ ಅಳೆಯುವರು. ಗುಂಡಿನ ಫಲವನ್ನು ದಾಳವುರುಳಿಸಿ ನಿರ್ಣಯಿಸುವರು. ಇದನ್ನು ಮಕ್ಕಳಾಟವೆಂದು ಹಳಿಯುವವರುಂಟು. ಹಿಂಸೆಯನ್ನು ಕಲಿಸುವುದೆಂದು ಖಂಡಿಸುವವರೂ ಉಂಟು. ಈ ಎರಡು ಆಕ್ಷೇಪಣೆಗಳೂ ನಿಲ್ಲತಕ್ಕವಲ್ಲ. ಸೇನೆಯ ನಾಲ್ಕು ಅಂಗಗಳಿಂದಲೇ ಹೆಸರು ಪಡೆದ ಚದುರಂಗವನ್ನು ಮನೆಯ ಜಗಲಿಯ ಮೇಲೆ ಆಡುತ್ತ ಬಂದ ಜನರು ಇನ್ನೊಂದು ಯುದ್ಧದಾಟವನ್ನು ಯಾವ ಬಾಯಿಂದ ಹಳಿದಾರು? ಆಂಗ್ಲ ಗ್ರಂಥಕರ್ತನಾದ ಎಚ್. ಜಿ. ವೆಲ್ಸನು 1913ರಲ್ಲಿ ಈ ಆಟದ ನಿಯಮಗಳನ್ನು ಪುಸ್ತಕರೂಪವಾಗಿ ಪ್ರಕಟಿಸಿ, ನಿಜವಾದ ಯುದ್ಧಕ್ಕಿಂತ ಬೊಂಬೆಯ ಯುದ್ಧವೇ ಲೇಸೆಂದು ವಾದಿಸಿದನು. ಮರುವರ್ಷವೇ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಅದನ್ನು ಹೂಡಿದವರು ಬೊಂಬೆಗಳಲ್ಲ.

ನಿಜವಾದ ಆಕ್ಷೇಪಣೆಯು ಬೇರೆಯೇ ಇರುವುದು. ಈ ಆಟದಿಂದ ಇತಿಹಾಸದ ಜ್ಞಾನವು ಉಂಟಾಗುವುದೆಂದು ಇದರ ಅಭಿಮಾನಿಗಳು ಹೇಳಿಕೊಳ್ಳುವರು. ಅವರ ಶ್ರದ್ಧೆಯೇನೂ ಅಲ್ಪವಲ್ಲ. ಟೀಪೂ ಸುಲ್ತಾನನ ಕಾಲಾಳಿನ ಅಂಗಿಯ ಮೇಲಣ ಹುಲಿಪಟ್ಟೆ ಹೇಗಿದ್ದಿತು, ಕಂಪೆನಿಯ ಸಿಪಾಯಿಯ ಕೊರಳಪಟ್ಟಿ ಯಾವ ಬಣ್ಣದ್ದು ಎಂಬುದಕ್ಕಾಗಿ ಹಳೆಯ ಚಿತ್ರಗಳನ್ನೂ ಗ್ರಂಥಗಳನ್ನೂ ಶೋಧಿಸುವರು. ಕೂದಲಿನಷ್ಟು ಸಣ್ಣ ಕುಂಚವನ್ನು ಹಿಡಿದು ಗುಂಡಿಗಳಿಗೂ ಬಣ್ಣ ಹಚ್ಚುವರು. ಆದರೆ ಆ ಸಿಪಾಯಿಯು ಅಂದು ಉಂಡಿದ್ದನೇ, ಅವನ ತೋಪನ್ನು ಎಳೆದವರಾರು ಎಂದು ಕೇಳುವವರು ವಿರಳ.

1791ನೆಯ ಇಸವಿಯ ದಂಡಯಾತ್ರೆಯನ್ನು ನೋಡಬಹುದು. ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ನಡೆದನು. ಟೀಪುವಿನ ಜನರು ದಾರಿಯ ಹುಲ್ಲನ್ನೂ ದವಸವನ್ನೂ ಮೊದಲೇ ನಾಶಮಾಡಿದ್ದರು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಆಂಗ್ಲರಿಗೇ ಜಯವಾಯಿತು. ಮೇಜಿನ ಆಟವು ಇಲ್ಲಿಗೆ ಮುಗಿಯುವುದು. ಗೆದ್ದವನು ಕೈಕುಲುಕಿ, ಬೊಂಬೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋಗುವನು. ಆದರೆ ಇತಿಹಾಸವು ಅಲ್ಲಿಗೆ ಮುಗಿಯಲಿಲ್ಲ. ಮೇವಿಲ್ಲದೆ, ಮಳೆಗೂ ರೋಗಕ್ಕೂ ಸಿಕ್ಕಿ, ಎತ್ತುಗಳು ರಾಶಿರಾಶಿಯಾಗಿ ಸತ್ತವು. ಗೆದ್ದ ಸೇನಾಪತಿಯು ಅದೇ ತಿಂಗಳಲ್ಲಿ, ಎಳೆಯುವ ಪಶುಗಳಿಲ್ಲದೆ, ಕೋಟೆಯೊಡೆಯುವ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದನು. ಕೋಟೆಯನ್ನು ಕಾಯ್ದುದು ಕತ್ತಿಯೋ? ಎತ್ತಿನ ಹಸಿವೋ? ಮತ್ತೆ 1792ರ ಫೆಬ್ರವರಿಯಲ್ಲಿ ಅವನು ಬಂದಾಗ, ಅವನ ದಂಡಿಗೆ ಹೇರುಗಟ್ಟಳೆ ದವಸವನ್ನು ಎತ್ತುಗಳ ಮೇಲೆ ತಂದೊಪ್ಪಿಸಿದವರು ಲಂಬಾಣಿಗರು. ಇವರ ಬೊಂಬೆಗಳೆಲ್ಲಿ? ಮೈಸೂರಿನ ದಂಡಿನ ಸಾಮಾನನ್ನು ಹೊತ್ತು ಹೆಸರಾದ ಅಮೃತಮಹಲಿನ ಎತ್ತುಗಳ ಬೊಂಬೆಗಳೆಲ್ಲಿ?

ಪ್ರಾಚೀನರು ಇದನ್ನು ಮರೆತಿರಲಿಲ್ಲ. ಸೈನ್ಯವು ಹೊರಡುವ ಮುನ್ನವೇ ದಾರಿಯ ಊರುಗಳಲ್ಲಿಯೂ ಕಾಡುಗಳಲ್ಲಿಯೂ ದೊರೆಯುವ ಹುಲ್ಲು, ಸೌದೆ, ನೀರುಗಳನ್ನು ಲೆಕ್ಕಹಾಕಿ ತಂಗುವ ಸ್ಥಳಗಳನ್ನು ಗೊತ್ತುಮಾಡಬೇಕೆಂದು ಕೌಟಿಲ್ಯನು ವಿಧಿಸಿರುವನು. ದಾರಿಯನ್ನೂ ಬಾವಿಯನ್ನೂ ಸರಿಪಡಿಸುವ, ಆಹಾರವನ್ನು ಹೊರುವ, ಗಾಯಗೊಂಡವರನ್ನು ರಣದಿಂದ ಸಾಗಿಸುವ ವಿಷ್ಟಿಯ ಆಳುಗಳ ಕೆಲಸವನ್ನು ಅವನು ಆನೆ ಕುದುರೆಗಳ ಕೆಲಸದೊಡನೆಯೇ ಹೇಳಿರುವನು. ಮೇಜಿನ ಮೇಲಾದರೋ ಗಾಯಗೊಂಡವನೇ ಇಲ್ಲ. ಬಿದ್ದ ಬೊಂಬೆಯನ್ನು ಎತ್ತಿ ಬದಿಗಿಟ್ಟರೆ ಮುಗಿಯಿತು.

“ಆಟವೆಂದಮೇಲೆ ಮಿತಿ ಬೇಕು, ಒಂದು ಸಂಜೆಯಲ್ಲಿ ಎಲ್ಲವನ್ನೂ ತೋರಿಸಲಾದೀತೇ?” ಎಂದು ಅಭಿಮಾನಿಗಳು ಕೇಳುವರು. ದಂಡಯಾತ್ರೆಯನ್ನೆಲ್ಲ ಆಡುತ್ತ ದವಸದ ಲೆಕ್ಕವಿಡುವ ಕೆಲವರು ಅವರಲ್ಲಿಯೇ ಇರುವುದರಿಂದ, ಈ ಮಾತಿಗೆ ಉತ್ತರವು ಅವರ ಮನೆಯಲ್ಲಿಯೇ ಇದೆ. 1824ರಲ್ಲಿ ಪ್ರಷ್ಯದ ಸೇನೆಯು ತನ್ನ ಅಧಿಕಾರಿಗಳ ಶಿಕ್ಷಣಕ್ಕಾಗಿ ಅಂಗೀಕರಿಸಿದ ಯುದ್ಧದಾಟದಲ್ಲಿ ಬಣ್ಣದ ಸಿಪಾಯಿಗಳೇ ಇರಲಿಲ್ಲ. ನಕ್ಷೆಯ ಮೇಲೆ ಸಣ್ಣ ತುಂಡುಗಳನ್ನು ನಡೆಯಿಸುತ್ತಿದ್ದರು, ಮಧ್ಯಸ್ಥನೊಬ್ಬನು ತೀರ್ಪು ಹೇಳುತ್ತಿದ್ದನು. ಜ್ಞಾನವಿರುವುದು ನಿಯಮದಲ್ಲಿ, ಬಣ್ಣದಲ್ಲಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದುದರಿಂದ ಆಟವು ನಿಲ್ಲಬೇಕಾಗಿಲ್ಲ; ಅದು ತುಂಬಬೇಕಾಗಿದೆ. ಯುದ್ಧವೆಂದರೆ ಮಿರುಗುವ ಅಂಗಿಯೂ ಜಯವೂ ಎಂದು ಮಾತ್ರ ತಿಳಿದ ಬಾಲಕನು ಮುಂದೆ ಪ್ರಜೆಯಾಗಿ ಯುದ್ಧವನ್ನು ಬಯಸಿದರೂ ಬಯಸಿಯಾನು. ಅದರ ಬೆಲೆಯನ್ನು ತೆತ್ತವರಾರೆಂದು ಬಲ್ಲವನು ಅಷ್ಟು ಸುಲಭವಾಗಿ ಬಯಸಲಾರನು. ಸಾವಿರ ಸಿಪಾಯಿಗಳಿಗೆ ಬಣ್ಣ ಹಚ್ಚುವ ಕೈಯು ಒಂದು ಎತ್ತಿಗೂ, ಅದರ ಹಗ್ಗ ಹಿಡಿದು ನಡೆಯುವ ಬಡವನಿಗೂ ಬಣ್ಣ ಹಚ್ಚಲಿ. ಆ ಎತ್ತು ಬಿದ್ದಲ್ಲಿ ಹಿಂದಿನ ತೋಪು ನಿಲ್ಲಲಿ. ಅಂದು ಆ ಮೇಜನ್ನು ಇತಿಹಾಸದ ಪಾಠಶಾಲೆಯೆಂದು ಕರೆಯಲು ಯಾರೂ ಅಡ್ಡಿಮಾಡರು.