ಫೈಲಿನ ಹೆಸರು, ದಿನಾಂಕ ನೋಡಿ ನಂಬಬಹುದೇ? ಫೈಲ್ ಹುಟ್ಟುವ ಬಗೆ ತಿಳಿಯೋಣ

“ಡೇಟ್ ನೋಡಿ, ಇವತ್ತಿನದ್ದೇ ಫೋಟೋ.” “ಪಿಡಿಎಫ್ ಬಂದಿದೆ, ಅಂದ್ರೆ ಸರ್ಕಾರದ ಆದೇಶ ನಿಜ.” “ಮದುವೆ ಕರೆಯೋಲೆ ಕಳಿಸಿದ್ದೀವಿ, ಓಪನ್ ಮಾಡಿ.”

ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತುಗಳು ಹೊಸದಲ್ಲ. ಮೂರರ ಹಿಂದೆಯೂ ಒಂದೇ ನಂಬಿಕೆ ಇದೆ: ಫೈಲಿನ ಹೆಸರು ಮತ್ತು ದಿನಾಂಕ ಸುಳ್ಳು ಹೇಳುವುದಿಲ್ಲ ಎಂಬುದು. ಈ ನಂಬಿಕೆ ಎಷ್ಟು ಸರಿ? ಇದಕ್ಕೆ ಉತ್ತರ ಬೇಕಾದರೆ ಫೈಲ್ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಬೇಕು.

ಫೈಲನ್ನು ಸೃಷ್ಟಿಸುವವರು ಯಾರು?

ಫೈಲ್ ತಾನಾಗಿ ಹುಟ್ಟುವುದಿಲ್ಲ. ಕ್ಯಾಮೆರಾ ಆ್ಯಪ್ ಆಗಲಿ, ವಾಟ್ಸಾಪ್ ಆಗಲಿ, ಯಾವುದೋ ಒಂದು ಪ್ರೋಗ್ರಾಂ ಅದನ್ನು ಸೃಷ್ಟಿಸಿ, ಅದರೊಳಗೆ ಮಾಹಿತಿ ಬರೆಯುತ್ತದೆ. ಕಾಲೇಜು ವಿದ್ಯಾರ್ಥಿಗಳೂ ಕಲಿಯುವ ಪೈಥಾನ್ ಭಾಷೆಯಲ್ಲಿ ಇದಕ್ಕೆ ಮೂರೇ ಹೆಜ್ಜೆ ಸಾಕು. ‘ಓಪನ್’ ಎಂಬ ಆದೇಶ ಫೈಲನ್ನು ತೆರೆಯುತ್ತದೆ, ‘ರೈಟ್’ ಅದರಲ್ಲಿ ಬರೆಯುತ್ತದೆ, ‘ಕ್ಲೋಸ್’ ಮುಚ್ಚುತ್ತದೆ.

ತೆರೆಯುವಾಗ ಫೈಲಿನ ಹೆಸರಿನ ಜೊತೆ ಒಂದು ಅಕ್ಷರವನ್ನೂ ಕೊಡುತ್ತಾರೆ. ‘ಡಬ್ಲ್ಯೂ’ ಎಂದು ಕೊಟ್ಟರೆ ಆ ಹೆಸರಿನ ಹೊಸ ಫೈಲ್ ತಯಾರಾಗುತ್ತದೆ. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ, ಒಂದು ಮಾತೂ ಕೇಳದೆ ಹಳೆಯದನ್ನೆಲ್ಲ ಅಳಿಸಿಹಾಕುತ್ತದೆ. ‘ಎ’ ಕೊಟ್ಟರೆ ಹಳೆಯದರ ಕೊನೆಗೆ ಹೊಸದನ್ನು ಸೇರಿಸುತ್ತದೆ. ‘ಎಕ್ಸ್’ ಕೊಟ್ಟರೆ, ಆ ಹೆಸರಿನ ಫೈಲ್ ಈಗಾಗಲೇ ಇದ್ದಲ್ಲಿ ದೋಷ ತೋರಿಸಿ ನಿಂತುಬಿಡುತ್ತದೆ.

ಇಲ್ಲಿ ಗಮನಿಸಬೇಕಾದ್ದು ಇಷ್ಟೆ: ಹೆಸರು ಏನಿರಬೇಕು, ಒಳಗೆ ಏನಿರಬೇಕು ಎಂದು ತೀರ್ಮಾನಿಸುವುದು ಪ್ರೋಗ್ರಾಂ ಬರೆದವರು. ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಈ ಹಂತದಲ್ಲಿ ಯಾರೂ ಪರೀಕ್ಷಿಸುವುದಿಲ್ಲ.

ದಿನಾಂಕ ಎಲ್ಲಿಂದ ಬರುತ್ತದೆ?

ಫೈಲ್ ಸೃಷ್ಟಿಯಾದಾಗ ಫೋನ್ ಅಥವಾ ಕಂಪ್ಯೂಟರ್ ತನ್ನ ಗಡಿಯಾರ ನೋಡಿ ದಿನಾಂಕ ಹಾಕುತ್ತದೆ. ಅಂದರೆ ಅದು ಫೈಲ್ ಆ ಸಾಧನದಲ್ಲಿ ಹುಟ್ಟಿದ ದಿನ. ಘಟನೆ ನಡೆದ ದಿನ ಅದೇ ಆಗಿರಬೇಕೆಂದಿಲ್ಲ.

ಆ್ಯಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಫೋಟೋಗಳ ಹೆಸರು ನೋಡಿ. ‘ಐಎಂಜಿ’, ನಂತರ 20240815 ಎಂಬಂಥ ಎಂಟು ಅಂಕಿ, ಕೊನೆಗೆ ‘ಡಬ್ಲ್ಯೂಎ’ ಮತ್ತು ಒಂದು ಸಂಖ್ಯೆ ಇರುತ್ತದೆ. ಆ ಎಂಟು ಅಂಕಿ ಫೋಟೋ ತೆಗೆದ ದಿನವಲ್ಲ, ವಾಟ್ಸಾಪ್ ಮೂಲಕ ಅದು ನಿಮ್ಮ ಫೋನಿಗೆ ಬಂದ ದಿನ. ಹತ್ತು ವರ್ಷ ಹಳೆಯ ಪ್ರವಾಹದ ಫೋಟೋ ಇವತ್ತು ಫಾರ್ವರ್ಡ್ ಆಗಿ ಬಂದರೆ ಅದರ ಹೆಸರಿನಲ್ಲಿ ಇವತ್ತಿನ ದಿನಾಂಕವೇ ಇರುತ್ತದೆ.

ಕ್ಯಾಮೆರಾ ಕೂಡ ಫೋಟೋದೊಳಗೆ ತೆಗೆದ ದಿನ, ಸಮಯವನ್ನು ಬರೆಯುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದಾಗ ಈ ಮಾಹಿತಿ ಅಳಿಸಿಹೋಗುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಇನ್ನೂ ತಮಾಷೆ. ಹಳೆಯ ಫೈಲನ್ನು ಕಾಪಿ ಮಾಡಿದರೆ ಸೃಷ್ಟಿಯಾದ ದಿನ ಹೊಸದಾಗುತ್ತದೆ, ತಿದ್ದಿದ ದಿನ ಮಾತ್ರ ಹಳೆಯದೇ ಉಳಿಯುತ್ತದೆ. ನೋಡಿದವರಿಗೆ ಫೈಲ್ ಹುಟ್ಟುವ ಮೊದಲೇ ತಿದ್ದಿದಂತೆ ಕಾಣುತ್ತದೆ!

ಬೇಕೆಂದೇ ದಿನಾಂಕ ಬದಲಿಸುವುದೂ ಸುಲಭ. ಪೈಥಾನ್‌ನ ‘ಯುಟೈಮ್’ ಎಂಬ ಒಂದೇ ಆದೇಶದಿಂದ ಇವತ್ತು ಮಾಡಿದ ಫೈಲಿಗೆ 1995ರ ತಿದ್ದುಪಡಿ ದಿನಾಂಕ ಹಾಕಬಹುದು.

‘.ಪಿಡಿಎಫ್’ ಎಂದಿದ್ದರೆ ಅದು ಪಿಡಿಎಫ್ ಹೌದೇ?

ಆಗಿರಲೇಬೇಕೆಂದಿಲ್ಲ. ಚುಕ್ಕಿಯ ನಂತರದ ಅಕ್ಷರಗಳೂ ಹೆಸರಿನ ಭಾಗವೇ. ಡಬ್ಬಿಯ ಮೇಲೆ ‘ಸಕ್ಕರೆ’ ಎಂದು ಚೀಟಿ ಅಂಟಿಸಿದ ಮಾತ್ರಕ್ಕೆ ಒಳಗಿನ ಉಪ್ಪು ಸಿಹಿಯಾಗುವುದಿಲ್ಲ. ಒಳಗೇನಿದೆ ಎಂಬುದರ ಗುರುತು ಸಾಮಾನ್ಯವಾಗಿ ಫೈಲಿನ ಮೊದಲ ಕೆಲವು ಅಕ್ಷರಗಳಲ್ಲಿ ಇರುತ್ತದೆ. ಪಿಡಿಎಫ್ ಫೈಲ್ ಶೇಕಡಾ ಚಿಹ್ನೆ ಮತ್ತು ‘ಪಿಡಿಎಫ್’ ಅಕ್ಷರಗಳಿಂದ ಶುರುವಾಗುತ್ತದೆ. ಜಿಪ್ ಫೈಲ್ ‘ಪಿಕೆ’ ಎಂದು ಶುರುವಾಗುತ್ತದೆ, ಇದು ಜಿಪ್ ರೂಪಿಸಿದ ಫಿಲ್ ಕ್ಯಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಆ್ಯಂಡ್ರಾಯ್ಡ್ ಆ್ಯಪ್‌ಗಳ ‘ಎಪಿಕೆ’ ಕೂಡ ಒಂದು ಬಗೆಯ ಜಿಪ್ ಫೈಲೇ.

ಹೆಸರಿನ ಮೋಸ ಹೊಸದೇನಲ್ಲ. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ‘ಐ ಲವ್ ಯು’ ವೈರಸ್ ಇಮೇಲ್‌ನಲ್ಲಿ ಪ್ರೇಮಪತ್ರದ ರೂಪದಲ್ಲಿ ಬಂದಿತ್ತು. ಫೈಲಿನ ಹೆಸರು ‘.ಟಿಎಕ್ಸ್‌ಟಿ.ವಿಬಿಎಸ್’ ಎಂದು ಮುಗಿಯುತ್ತಿತ್ತು. ವಿಂಡೋಸ್ ಕೊನೆಯ ಭಾಗವನ್ನು ಮರೆಮಾಡುತ್ತಿದ್ದುದರಿಂದ ಜನರಿಗೆ ಬರೀ ಪಠ್ಯದ ಫೈಲಿನಂತೆ ಕಂಡಿತು. ತೆರೆದರೆ ಅದು ಪ್ರೋಗ್ರಾಂ! ಕಂಪ್ಯೂಟರಿನಲ್ಲಿದ್ದ ಫೋಟೋ ಮುಂತಾದ ಫೈಲುಗಳನ್ನು ಹುಡುಕಿ, ಅವುಗಳ ಮೇಲೆ ತನ್ನದೇ ಪ್ರತಿಯನ್ನು ಬರೆಯುತ್ತಿತ್ತು. ಮೇಲೆ ಹೇಳಿದ ‘ಡಬ್ಲ್ಯೂ’ ಮಾಡುವಂತೆಯೇ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಕೆಲಸ.

ಇಂದಿನ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಹೆಸರಿನ ವಂಚನೆಯೂ ಇದೇ ದಾರಿಯದು. ಕರೆಯೋಲೆ ಎಂದುಕೊಂಡು ಒತ್ತಿದ್ದು ಎಪಿಕೆ ಆಗಿರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡಿ, ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ವಂಚಕರ ಕೈಸೇರುತ್ತದೆ.

ಹಾಗಾದರೆ ಏನು ಮಾಡಬೇಕು?

- ಫೋಟೋ ಹೊಸದೇ ಎಂಬ ಅನುಮಾನವಿದ್ದರೆ ಫೈಲಿನ ದಿನಾಂಕ ನೋಡಬೇಡಿ. ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಫೋಟೋ ಹಿಂದೆ ಪ್ರಕಟವಾಗಿದ್ದರೆ ಸಿಗುವ ಸಾಧ್ಯತೆ ಇದೆ.
- ಆದೇಶ, ಸುತ್ತೋಲೆಗಳ ಪಿಡಿಎಫ್ ಯಾರು ಬೇಕಾದರೂ ತಯಾರಿಸಬಹುದು. ಸಂಬಂಧಪಟ್ಟ ಇಲಾಖೆಯ ಜಾಲತಾಣದಲ್ಲಿ ಇದೆಯೇ ನೋಡಿ.
- ಕರೆಯೋಲೆ ಓದಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಫೋನ್ ‘ಇನ್‌ಸ್ಟಾಲ್’ ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಳಿಸಿದವರು ಪರಿಚಿತರೇ ಆಗಿದ್ದರೂ ಕರೆ ಮಾಡಿ ಕೇಳಿ, ಅವರ ಫೋನ್ ಈಗಾಗಲೇ ವಂಚಕರ ಹಿಡಿತದಲ್ಲಿರಬಹುದು.
- ಈಗಾಗಲೇ ಇನ್‌ಸ್ಟಾಲ್ ಮಾಡಿದ್ದರೆ ಇಂಟರ್ನೆಟ್ ಆಫ್ ಮಾಡಿ ಆ್ಯಪ್ ತೆಗೆದುಹಾಕಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ ಹೇಳುವುದಾದರೆ, ಫೈಲಿನ ಹೆಸರು ಮತ್ತು ದಿನಾಂಕ ಯಾವುದೋ ಪ್ರೋಗ್ರಾಂ ಬರೆದಿಟ್ಟ ಮಾಹಿತಿ ಅಷ್ಟೆ. ಅವುಗಳನ್ನೇ ಸಾಕ್ಷಿ ಎಂದುಕೊಂಡು ಫಾರ್ವರ್ಡ್ ಮಾಡುವ ಮುನ್ನ ಒಳಗಿರುವುದು ಏನು, ಅದು ಎಲ್ಲಿಂದ ಬಂತು ಎಂದು ವಿಚಾರಿಸೋಣ.