ಮಗ ಸೆಲೆಕ್ಟ್ ಆಗದೆ ಮನೆಗೆ ಬಂದಾಗ

ಒಂದು ಮುಂಜಾನೆ ಫಜ್ರ್ ನಮಾಝ್ ಮುಗಿಸಿ ಚಹಾಕ್ಕೆ ನೀರಿಡುತ್ತಿದ್ದೆ. ಹರಿಹರದಿಂದ ಪರಿಚಯದ ಸಹೋದರಿಯೊಬ್ಬರ ಫೋನ್ ಬಂತು. “ಆಪಾ, ಮಗ ರಾತ್ರಿ ರೈಲಿಗೆ ಬೆಂಗಳೂರಿನಿಂದ ಬರಬೇಕಿತ್ತು. ಇನ್ನೂ ಮನೆಗೆ ಬಂದಿಲ್ಲ. ಫೋನೂ ಎತ್ತುತ್ತಿಲ್ಲ” ಎಂದು ಅಳುತ್ತಿದ್ದರು.

ಹುಡುಗನಿಗೆ ಹದಿನೆಂಟು ವರ್ಷ. ಬೌಲಿಂಗ್ ಹುಚ್ಚು. ರಜೆ ಬಂತೆಂದರೆ ಬಸ್ಸು ಹತ್ತಿ ದಾವಣಗೆರೆಯ ಹೈಸ್ಕೂಲ್ ಮೈದಾನಕ್ಕೆ ಬರುತ್ತಿದ್ದ. ಹೊಸ ಹುಡುಗರನ್ನು ಆರಿಸುವ ಕ್ಯಾಂಪ್ ಇದೆಯೆಂದು ಬೆಂಗಳೂರಿಗೆ ಹೋಗಿದ್ದ. ಅವನ ಶೂ ಮತ್ತು ಪ್ರಯಾಣದ ಖರ್ಚಿಗೆಂದು ತಾಯಿ ಚೀಟಿಯನ್ನು ಅವಧಿಗೆ ಮೊದಲೇ ಎತ್ತಿದ್ದರು.

ನಮ್ಮವರು ಸ್ಕೂಟರ್ ತೆಗೆದುಕೊಂಡು ದಾವಣಗೆರೆ ರೈಲ್ವೆ ಸ್ಟೇಷನ್‌ಗೆ ಹೋಗಿ ನೋಡಿದರೆ, ಹುಡುಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದ. ಹರಿಹರದ ತನಕ ಟಿಕೆಟ್ ಇದ್ದರೂ ಇಲ್ಲೇ ಇಳಿದುಬಿಟ್ಟಿದ್ದ. ಎರಡು ದಿನದ ಕ್ಯಾಂಪಿನಲ್ಲಿ ಅವನಿಗೆ ಸಿಕ್ಕಿದ್ದು ಹನ್ನೆರಡು ಎಸೆತ. ಸಂಜೆ ಓದಿದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. “ಅಂಕಲ್, ಅಮ್ಮಿಗೆ ಏನಂತ ಹೇಳಲಿ?” ಎಂದು ಅವನು ಕೇಳಿದ್ದು ಅದೊಂದೇ ಪ್ರಶ್ನೆ.

ಸಹೋದರಿಯರೇ, ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಸೋತದ್ದಕ್ಕಿಂತ ಮನೆಯ ಬಾಗಿಲೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತ್ತು. ಮಕ್ಕಳನ್ನು ಆಟಕ್ಕೆ ಕಳಿಸುವಾಗ ನಾವು ದುಆ ಮಾಡುತ್ತೇವೆ, ಬುತ್ತಿ ಕಟ್ಟುತ್ತೇವೆ. ಆದರೆ ಬರಿಗೈಯಲ್ಲಿ ಬಂದರೆ ಹೇಗೆ ಬರಮಾಡಿಕೊಳ್ಳಬೇಕೆಂದು ಯಾರೂ ಯೋಚಿಸಿರುವುದಿಲ್ಲ.

ಇಂಥ ಆಯ್ಕೆಯಲ್ಲಿ ಬರುವವರು ಬಹಳ, ಉಳಿಯುವವರು ಕೆಲವೇ ಮಂದಿ. ಜಗತ್ತಿನಲ್ಲೆಲ್ಲ ಇದು ಹೀಗೆಯೇ. ಅಮೆರಿಕದಲ್ಲಿ ‘ಫುಟ್‌ಬಾಲ್’ ಎಂದರೆ ನಮ್ಮಲ್ಲಿಯಂತೆ ಕಾಲಿನಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೆ ಹೆಲ್ಮೆಟ್ ಹಾಕಿ ಓಡುವ ಆಟ. ಅಲ್ಲಿ 32 ವೃತ್ತಿಪರ ತಂಡಗಳಿವೆ. ವರ್ಷವೂ ಏಪ್ರಿಲ್ ಕೊನೆಯಲ್ಲಿ ಏಳು ಸುತ್ತುಗಳಲ್ಲಿ ಸುಮಾರು 250 ಹೊಸಬರನ್ನು ಈ ತಂಡಗಳು ಆರಿಸಿಕೊಳ್ಳುತ್ತವೆ. ಮೇ ತಿಂಗಳಲ್ಲಿ ಹೊಸಬರಿಗಾಗಿಯೇ ಎರಡು ಮೂರು ದಿನಗಳ ಸಣ್ಣ ಶಿಬಿರ ನಡೆಯುತ್ತದೆ. ಆರಿಸಲ್ಪಟ್ಟವರ ಜೊತೆಗೆ ಯಾವ ಒಪ್ಪಂದವೂ ಇಲ್ಲದೆ ಬರೀ ಪರೀಕ್ಷೆಗೆಂದು ಕರೆಸಿಕೊಂಡ ಹುಡುಗರೂ ಅಲ್ಲಿರುತ್ತಾರೆ. ಅವರಲ್ಲಿ ಹೆಚ್ಚಿನವರು ಚೀಲ ಹೊತ್ತು ಬಂದ ದಾರಿಯಲ್ಲೇ ಮರಳುತ್ತಾರೆ. ಮುಂದೆ ಬೇಸಿಗೆಯ ಅಭ್ಯಾಸಕ್ಕೆ ಒಂದು ತಂಡ 90 ಮಂದಿಯನ್ನು ಇಟ್ಟುಕೊಂಡರೂ ಪಂದ್ಯಗಳು ಶುರುವಾಗುವ ಹೊತ್ತಿಗೆ ಪಟ್ಟಿಯಲ್ಲಿ ಉಳಿಯುವವರು 53 ಮಂದಿ ಮಾತ್ರ.

ಆ ಆಟದಲ್ಲಿ ಹುಸೈನ್ ಅಬ್ದುಲ್ಲಾ ಎಂಬ ಮುಸ್ಲಿಮ್ ಯುವಕನಿದ್ದರು. 2008ರ ಆಯ್ಕೆಯಲ್ಲಿ ಏಳೂ ಸುತ್ತು ಮುಗಿದರೂ ಯಾವ ತಂಡವೂ ಅವರ ಹೆಸರು ಹೇಳಲಿಲ್ಲ. ಆನಂತರ ಮಿನ್ನೆಸೋಟ ತಂಡ ಅವರಿಗೆ ಅವಕಾಶ ಕೊಟ್ಟಿತು. ಅವರು ಅಲ್ಲಿ ನೆಲೆಯೂರಿದರು. 2012ರಲ್ಲಿ ಅವರೂ ಅವರ ಅಣ್ಣ ಹಂಝಾ ಅವರೂ ಆ ವರ್ಷದ ಆಟವನ್ನೇ ಬಿಟ್ಟು ಹಜ್ಜ್ ಯಾತ್ರೆಗೆ ಹೋದರು. ಎಷ್ಟೋ ಕಷ್ಟಪಟ್ಟು ಸಿಕ್ಕಿದ ಜಾಗ ಕೈತಪ್ಪಬಹುದೆಂದು ಗೊತ್ತಿದ್ದೂ ಹೋದರು. 2013ರಲ್ಲಿ ಹುಸೈನ್ ಕನ್ಸಾಸ್ ಸಿಟಿ ತಂಡ ಸೇರಿದರು. 2014ರ ಸೆಪ್ಟೆಂಬರ್‌ನಲ್ಲಿ ಎದುರಾಳಿಯ ಚೆಂಡನ್ನು ನಡುವೆಯೇ ಹಿಡಿದು ಗೆರೆ ದಾಟಿಸಿದಾಗ ಮೈದಾನದಲ್ಲೇ ಸುಜೂದ್ ಮಾಡಿದರು. ರೆಫ್ರಿ ದಂಡ ವಿಧಿಸಿದರು. ಮರುದಿನ ಆ ದಂಡ ತಪ್ಪೆಂದು ಲೀಗ್ ಒಪ್ಪಿಕೊಂಡಿತು. ತಲೆಗೆ ಪದೇ ಪದೇ ಬಿದ್ದ ಪೆಟ್ಟುಗಳ ಕಾರಣದಿಂದ 2016ರಲ್ಲಿ ಅವರು ಆಟ ನಿಲ್ಲಿಸಿದರು. ಆಟ ತನ್ನ ಬದುಕಿನ ಒಂದು ಭಾಗವಷ್ಟೇ ಎಂದು ತಿಳಿದವರು ಮಾತ್ರ ಹೀಗೆ ಬಿಡಬಲ್ಲರು.

ಅಷ್ಟು ದೂರ ಯಾಕೆ, ನಮ್ಮ ದಾವಣಗೆರೆಯ ಆರ್. ವಿನಯ್ ಕುಮಾರ್ ಅವರನ್ನೇ ನೋಡಿ. ಆಟೋ ಚಾಲಕರ ಮಗ. 2004ರಲ್ಲಿ ರಾಜ್ಯ ತಂಡ ಸೇರಿದರು. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದರು. ಅದೇ ಅವರ ಮೊದಲ ಟೆಸ್ಟ್, ಅದೇ ಕೊನೆಯದು. ಆದರೆ ಮುಖ ಮರೆಸಿಕೊಂಡು ಕೂರಲಿಲ್ಲ. ಅವರ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದಿತು. ಎರಡನೆಯ ಫೈನಲ್‌ನಲ್ಲಿ ಐದು ವಿಕೆಟ್ ಪಡೆದರು, ಶತಕವನ್ನೂ ಬಾರಿಸಿದರು. 2021ರಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ವಿಕೆಟ್‌ಗಳು 504.

ಹೆಣ್ಣು ಮಕ್ಕಳ ಮಾತೂ ಇದೇ. ನಿಝಾಮಾಬಾದಿನ ನಿಖತ್ ಝರೀನ್ 2019ರ ಡಿಸೆಂಬರ್‌ನಲ್ಲಿ ಬಾಕ್ಸಿಂಗ್ ಆಯ್ಕೆ ಪಂದ್ಯದಲ್ಲಿ ಮೇರಿ ಕೋಮ್ ಎದುರು ದೊಡ್ಡ ಅಂತರದಿಂದ ಸೋತರು. 2022ರಲ್ಲಿ ವಿಶ್ವ ಚಾಂಪಿಯನ್ ಆದರು, 2023ರಲ್ಲಿ ಮತ್ತೊಮ್ಮೆ. ಎಲ್ಲ ಮಕ್ಕಳೂ ಹೀಗೆ ಮೇಲೇರುತ್ತಾರೆಂದು ನಾನು ಹೇಳುತ್ತಿಲ್ಲ. ಹೆಚ್ಚಿನವರು ಏರುವುದಿಲ್ಲ. ಅವರೂ ನಮ್ಮ ಮಕ್ಕಳೇ ತಾನೇ?

ಉಹುದ್ ಯುದ್ಧದ ಸಂದರ್ಭ ನೆನಪಾಗುತ್ತದೆ. ಹೊರಟು ನಿಂತ ಹುಡುಗರನ್ನು ಪ್ರವಾದಿವರ್ಯರು(ಸ) ಪರಿಶೀಲಿಸಿದಾಗ ಅಬ್ದುಲ್ಲಾ ಬಿನ್ ಉಮರ್(ರ) ಅವರಿಗೆ ಹದಿನಾಲ್ಕು ವರ್ಷ. ಅವರಿಗೆ ಅನುಮತಿ ಸಿಗಲಿಲ್ಲ. ಹದಿನೈದಾದಾಗ ಖಂದಕ್ ಯುದ್ಧದಲ್ಲಿ ಸಿಕ್ಕಿತು. ಯುದ್ಧ ಬೇರೆ, ಆಟ ಬೇರೆ, ನಿಜ. ಆದರೆ ಒಂದು ವಿಷಯ ಗಮನಿಸಿ. ತನ್ನನ್ನು ಹಿಂದಕ್ಕೆ ಕಳಿಸಿದ ಈ ಪ್ರಸಂಗವನ್ನು ನಮಗೆ ತಿಳಿಸಿದವರು ಸ್ವತಃ ಅವರೇ. ಅದನ್ನು ಹೇಳಲು ಅವರಿಗೆ ನಾಚಿಕೆಯಾಗಲಿಲ್ಲ. ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಗಳಲ್ಲಿ ಅವರೂ ಒಬ್ಬರಾದರು.

ಇನ್ನು ಹರಿಹರದ ಆ ಮನೆಯ ವಿಷಯಕ್ಕೆ ಬರುತ್ತೇನೆ. ವಾರ ಕಳೆಯುವಷ್ಟರಲ್ಲಿ ಯಾರೋ ಒಬ್ಬ ಅವರಿಗೆ ಫೋನ್ ಮಾಡಿ, “ಮೂವತ್ತು ಸಾವಿರ ಕೊಡಿ, ಮುಂದಿನ ಸಲ ಪಟ್ಟಿಯಲ್ಲಿ ಹೆಸರು ಬರುವಂತೆ ನೋಡಿಕೊಳ್ಳುತ್ತೇನೆ” ಎಂದನಂತೆ. ತಾಯಿ ಬಳೆ ಅಡವಿಡಲು ಹೊರಟಿದ್ದರು. “ಏನು ಮಾಡಲಿ ಆಪಾ?” ಎಂದು ಕೇಳಿದರು. ನಾನು ಕಡ್ಡಿ ಮುರಿದಂತೆ ಬೇಡ ಎಂದೆ. ಅವನು ಮೋಸಗಾರನಾದರೆ ಬಳೆ ಹೋಯಿತು. ಮಾತಿನಂತೆ ನಡೆದುಕೊಂಡರೆ ಇನ್ನೊಬ್ಬ ತಾಯಿಯ ಮಗನ ಹಕ್ಕು ಹೋಯಿತು. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆ ಎಂಬುದು ನಮಗೆ ಗೊತ್ತಿರುವ ವಿಷಯ. ಹುಡುಗನಿಗೆ ಈ ಮಾತು ತಿಳಿದಾಗ ಅವನೇ ತಾಯಿಯ ಕೈಯಿಂದ ಬಳೆ ತೆಗೆದು ಕಪಾಟಿನಲ್ಲಿಟ್ಟನಂತೆ.

ಮಕ್ಕಳನ್ನು ಇಂಥ ಕ್ಯಾಂಪುಗಳಿಗೆ ಕಳಿಸುವ ತಾಯಂದಿರು ಕೆಲವು ಸಂಗತಿ ನೆನಪಿಡುವುದು ಒಳ್ಳೆಯದು. ಕ್ಯಾಂಪ್ ನಡೆಸುವವರು ಯಾರು, ಉಳಿಯುವ ವ್ಯವಸ್ಥೆ ಹೇಗೆ ಎಂಬುದನ್ನು ಮೊದಲೇ ವಿಚಾರಿಸಿ. ಆಟಕ್ಕಾಗಿ ಓದು ಬಿಡಿಸಬೇಡಿ. ನಮಾಝನ್ನೂ ಬಿಡದಂತೆ ಹೇಳಿ, ಪ್ರಯಾಣದಲ್ಲಿ ಅದಕ್ಕೆ ರಿಯಾಯಿತಿ ಇದೆ. ಹೊರಡುವಾಗಲೇ “ಆದರೂ ಸರಿ, ಆಗದಿದ್ದರೂ ಸರಿ, ನೆಟ್ಟಗೆ ಮನೆಗೆ ಬಾ ಬೇಟಾ” ಎಂದು ಹೇಳಿ ಕಳಿಸಿ. ಬಂದ ಮೇಲೆ ಮೊದಲು ಊಟ ಬಡಿಸಿ, ಪ್ರಶ್ನೆ ಆಮೇಲೆ. ಮೈಗೆ ಪೆಟ್ಟಾಗಿದೆಯೇ ಎಂದು ಕೇಳಿ, ಹುಡುಗರು ಅದನ್ನು ಮುಚ್ಚಿಡುತ್ತಾರೆ. ಖರ್ಚಿನ ಲೆಕ್ಕ ಹೇಳಬೇಡಿ. ಈದ್‌ಗೆ ಬಂದ ನೆಂಟರು “ಸೆಲೆಕ್ಷನ್ ಏನಾಯ್ತು?” ಎಂದರೆ ಅವನ ತಲೆ ತಗ್ಗುವ ಮೊದಲು ನೀವೇ ಉತ್ತರಿಸಿ: “ಈ ಸಲ ಆಗಲಿಲ್ಲ, ಚೆನ್ನಾಗಿ ಆಡಿ ಬಂದ.”

ಆ ಹುಡುಗ ಈಗ ಡಿಪ್ಲೊಮಾ ಓದುತ್ತಿದ್ದಾನೆ. ಭಾನುವಾರ ಹೈಸ್ಕೂಲ್ ಮೈದಾನಕ್ಕೆ ಬರುತ್ತಾನೆ. ಮುಂದಿನ ಕ್ಯಾಂಪಿಗೆ ಹೋಗುತ್ತಾನೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ. ಮೊನ್ನೆ ಅವನ ತಾಯಿ ಸಿಕ್ಕಿದಾಗ ಹೇಳಿದರು: “ಹೋದರೆ ಹೋಗಲಿ ಆಪಾ. ವಾಪಸ್ ಬರುವಾಗ ಹರಿಹರ ಸ್ಟೇಷನ್‌ನಲ್ಲಿ ನಾನೇ ನಿಂತಿರುತ್ತೇನೆ ಅಂತ ಅವನಿಗೆ ಹೇಳಿದ್ದೇನೆ.”